ವೇಗದ ಹಾದಿಯಲ್ಲಿ ಮೃತ್ಯುವಿನ ಸುಂಕ

ಬೆಲ್ಜಿಯಂ ದೇಶದ ಸ್ಪಾ ಪಟ್ಟಣದ ಬಳಿ ೧೯೬೬ರ ಜೂನ್ ೧೨ರಂದು ನಡೆದ ಮೋಟಾರು ಪಂದ್ಯದಲ್ಲಿ ಗೆದ್ದವನು ಜಾನ್ ಸರ್ಟೀಸ್. ಆದರೆ ಪಂದ್ಯಪ್ರಪಂಚ ಆ ದಿನವನ್ನು ನೆನೆಯುವುದು ಮೊದಲನೆಯ ಸುತ್ತನ್ನೂ ಮುಗಿಸಲಾರದೆ ಹೋದ ಸ್ಕಾಟ್ಲೆಂಡಿನ ಒಬ್ಬ ತರುಣನಿಗಾಗಿ. ಜ್ಯಾಕಿ ಸ್ಟೀವರ್ಟ್ ಎಂಬ ಆ ತರುಣನಿಗೆ ಹಿಂದಿನ ದಿನವಷ್ಟೇ ೨೭ ವರ್ಷ ತುಂಬಿತ್ತು.

ಅಂದಿನ ಸ್ಪಾದ ಹಾದಿ ಪಂದ್ಯಕ್ಕೆಂದು ಬೇರೆಯಾಗಿ ಕಟ್ಟಿದ್ದಲ್ಲ. ಹಳ್ಳಿಗಳನ್ನೂ ಹೊಲಗಳನ್ನೂ ಬಳಸಿಕೊಂಡು ಹೋಗುವ ಸಾರ್ವಜನಿಕ ರಸ್ತೆಯದು. ಒಂದು ಸುತ್ತಿಗೆ ಸುಮಾರು ೧೪ ಕಿಲೋಮೀಟರು. ಪಂದ್ಯ ಆರಂಭವಾದ ಕಡೆ ನೆಲ ಒಣಗಿತ್ತು. ಅದೇ ಸುತ್ತಿನ ಆ ತುದಿಯಲ್ಲಿ ಮಳೆ ಸುರಿಯುತ್ತಿತ್ತು. ಗಂಟೆಗೆ ೨೫೦ ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಬಂದ ಕಾರುಗಳು ಒಮ್ಮೆಗೇ ನೀರಿನೊಳಗೆ ನುಗ್ಗಿದುವು. ಒಂದರ ಹಿಂದೆ ಒಂದರಂತೆ ಹಲವು ಕಾರುಗಳು ಹಾದಿ ತಪ್ಪಿದುವು. ಸ್ಟೀವರ್ಟನ ಬಿ.ಆರ್.ಎಂ. ಕಾರು ರಸ್ತೆಯನ್ನು ಬಿಟ್ಟು, ಕಂಬವೊಂದನ್ನು ಕೆಡವಿ, ಒಂದು ಹಳ್ಳಿಮನೆಯ ಮಗ್ಗುಲಲ್ಲಿ ನಜ್ಜುಗುಜ್ಜಾಗಿ ನಿಂತಿತು.

ಚಾಲಕನಿಗೆ ಪ್ರಜ್ಞೆ ಇತ್ತು, ಹೊರಬರಲು ದಾರಿ ಇರಲಿಲ್ಲ. ಬಾಗಿದ ಲೋಹ ಕಾಲುಗಳನ್ನು ಹಿಡಿದಿತ್ತು, ಸ್ಟಿಯರಿಂಗ್ ಚಕ್ರ ಎದೆಗೆ ಒತ್ತಿಕೊಂಡಿತ್ತು. ಒಡೆದ ಟ್ಯಾಂಕಿನಿಂದ ಪೆಟ್ರೋಲು ಆತ ಕುಳಿತಿದ್ದ ಗೂಡಿನೊಳಕ್ಕೇ ಸುರಿಯುತ್ತಿತ್ತು. ಒಂದು ಕಿಡಿ ಹಾರಿದ್ದರೆ ಮುಗಿಯಿತು! ಆತನನ್ನು ಬಿಡಿಸಲು ಬಂದವರು ಪಂದ್ಯದ ಅಧಿಕಾರಿಗಳಲ್ಲ. ಅದೇ ಮಳೆಯಲ್ಲಿ ಹಾದಿ ತಪ್ಪಿದ್ದ ಇಬ್ಬರು ಪ್ರತಿಸ್ಪರ್ಧಿಗಳು, ಗ್ರಹಾಂ ಹಿಲ್ ಮತ್ತು ಬಾಬ್ ಬಾಂಡ್ಯುರಂಟ್, ತಮ್ಮ ಕಾರುಗಳನ್ನು ಬಿಟ್ಟು ಓಡಿಬಂದರು. ಸ್ಟಿಯರಿಂಗ್ ಚಕ್ರವನ್ನು ಕಳಚದೆ ಆತನನ್ನು ಎಳೆಯುವಂತಿರಲಿಲ್ಲ. ಕಳಚಲು ಸ್ಪ್ಯಾನರ್ ಬೇಕು. ಅದು ಅಲ್ಲಿ ಯಾರ ಬಳಿಯೂ ಇರಲಿಲ್ಲ. ಕೊನೆಗೆ ಪ್ರೇಕ್ಷಕನೊಬ್ಬನ ಕಾರಿನ ಪೆಟ್ಟಿಗೆಯಿಂದ ಸ್ಪ್ಯಾನರನ್ನು ಬೇಡಿ ತಂದು ಸ್ಟೀವರ್ಟನನ್ನು ಹೊರಗೆಳೆಯುವ ವೇಳೆಗೆ ಸುಮಾರು ೨೫ ನಿಮಿಷಗಳು ಕಳೆದಿದ್ದುವು.

ಕಷ್ಟ ಅಲ್ಲಿಗೂ ಮುಗಿಯಲಿಲ್ಲ. ಆತನನ್ನು ಪ್ರಥಮ ಚಿಕಿತ್ಸೆಯ ಕೋಣೆಗೆ ಒಯ್ದು ಸ್ಟ್ರೆಚರಿನ ಮೇಲೆಯೇ ನೆಲದಲ್ಲಿರಿಸಿದರು. ಸುತ್ತಲೂ ಸೇದಿ ಎಸೆದ ಸಿಗರೇಟಿನ ತುಂಡುಗಳು. ಲಿಯೆಜ್ ನಗರದ ಆಸ್ಪತ್ರೆಗೆ ಹೊರಟ ಆಂಬುಲೆನ್ಸು, ಮುಂದೆ ದಾರಿ ತೋರುತ್ತಿದ್ದ ಪೋಲೀಸರಿಂದ ಅಗಲಿತು. ಆಂಬುಲೆನ್ಸಿನ ಚಾಲಕನಿಗೆ ಆಸ್ಪತ್ರೆಯ ದಾರಿ ಗೊತ್ತಿರಲಿಲ್ಲ!

ಸ್ಟೀವರ್ಟ್ ಬದುಕಿ ಉಳಿದ. ಅಂದಿನಿಂದ ಆತನ ಪಂದ್ಯದ ಕಾರಿನಲ್ಲಿ, ಕೈಗೆ ಎಟಕುವಂತೆ, ಒಂದು ಸ್ಪ್ಯಾನರನ್ನು ಅಂಟಿಸಿಡಲಾಗುತ್ತಿತ್ತು. ಪಂದ್ಯಗಳಿಗೆ ತನ್ನದೇ ಖರ್ಚಿನಲ್ಲಿ ಒಬ್ಬ ವೈದ್ಯರನ್ನೂ ಕರೆದೊಯ್ಯಲಾರಂಭಿಸಿದ. ಅಪಘಾತಕ್ಕೆ ಮಳೆ ಕಾರಣ, ವೇಗ ಕಾರಣ, ಇರಲಿ. ಆದರೆ ಅಪಘಾತದ ಬಳಿಕ ೨೫ ನಿಮಿಷ ಸಾವಿನ ಬಾಯಲ್ಲಿ ಕುಳಿತಿದ್ದುದಕ್ಕೆ ಕಾರಣ ಯಾರು? ಈ ಪ್ರಶ್ನೆಯನ್ನು ಆತ ಬಿಡಲಿಲ್ಲ. ಮೋಟಾರು ಪಂದ್ಯದಲ್ಲಿ ಚಾಲಕರ ಪ್ರಾಣರಕ್ಷಣೆಯ ಇತಿಹಾಸವನ್ನು ಬರೆಯುವವರು ಈ ಪ್ರಶ್ನೆಯ ಬಳಿಗೆ ಬಂದೇ ಬರಬೇಕು.

ಬಟ್ಟೆಯ ಟೋಪಿಯ ಕಾಲ

ಫಾರ್ಮುಲಾ ಒನ್ ಎಂಬ ಹೆಸರಿನ ವಿಶ್ವ ಚಾಂಪಿಯನ್ ಪಂದ್ಯಗಳು ಆರಂಭವಾದದ್ದು ೧೯೫೦ರ ಮೇ ೧೩ರಂದು, ಇಂಗ್ಲೆಂಡಿನ ಸಿಲ್ವರ್‌ಸ್ಟೋನಿನಲ್ಲಿ. ಯುದ್ಧಕಾಲದ ವಿಮಾನ ನಿಲ್ದಾಣವೇ ಅಂದು ಪಂದ್ಯದ ಕಣವಾಗಿತ್ತು. ತಿರುವುಗಳಲ್ಲಿ ಹುಲ್ಲಿನ ಪಿಂಡಿಗಳೇ ತಡೆಗೋಡೆ. ಅನೇಕ ಚಾಲಕರ ತಲೆಯ ಮೇಲಿದ್ದದ್ದು ಬಟ್ಟೆಯ ಟೋಪಿ, ಮೈಮೇಲೆ ಅರ್ಧತೋಳಿನ ಅಂಗಿ. ಗಟ್ಟಿ ಹೆಲ್ಮೆಟ್ ಕಡ್ಡಾಯವಾದದ್ದು ೧೯೫೨ರಲ್ಲಿ. ಸೀಟ್ ಬೆಲ್ಟನ್ನು ಬಹುಮಂದಿ ಒಲ್ಲೆನೆನ್ನುತ್ತಿದ್ದರು. ಅದಕ್ಕೆ ಅವರದೇ ತರ್ಕವಿತ್ತು: ಕಾರು ಉರುಳಿದರೆ ಬೆಂಕಿ ಹೊತ್ತುವುದು ಬಹುತೇಕ ನಿಶ್ಚಯ, ಕಟ್ಟಿಹಾಕಿಕೊಂಡು ಸುಡುವುದಕ್ಕಿಂತ ಹೊರಕ್ಕೆ ಎಸೆಯಲ್ಪಡುವುದು ಮೇಲು. ಎರಡು ಬಗೆಯ ಸಾವುಗಳಲ್ಲಿ ಒಂದನ್ನು ಆರಿಸಿಕೊಳ್ಳುವ ತರ್ಕ ಅದು.

ಸಾವನ್ನು ಅಂದು ಪಂದ್ಯದ ಒಂದು ಅಂಗವೆಂದೇ ಎಣಿಸುತ್ತಿದ್ದರು. ಚಾಲಕ ಸತ್ತರೆ ಅದು ಅವನ ಹಣೆಬರಹ. ಗೆಳೆಯರು ಅಂತ್ಯಕ್ರಿಯೆಯಲ್ಲಿ ಭಾಗವಹಿಸಿ ಮುಂದಿನ ಪಂದ್ಯಕ್ಕೆ ಹೊರಡುತ್ತಿದ್ದರು.

ಈ ಮನೋಭಾವವನ್ನು ಅಲುಗಿಸಿದ ಮೊದಲ ದೊಡ್ಡ ದುರಂತ ನಡೆದದ್ದು ಫ್ರಾನ್ಸಿನ ಲ ಮಾನ್ ಎಂಬಲ್ಲಿ, ೧೯೫೫ರ ಜೂನ್ ೧೧ರ ಸಂಜೆ. ಇಪ್ಪತ್ತನಾಲ್ಕು ಗಂಟೆಗಳ ಪಂದ್ಯ ಆರಂಭವಾಗಿ ಕೆಲವೇ ಗಂಟೆಗಳಾಗಿದ್ದುವು. ಮುಂಚೂಣಿಯಲ್ಲಿದ್ದ ಮೈಕ್ ಹಾಥಾರ್ನ್ ತನ್ನ ಜಾಗ್ವಾರ್ ಕಾರನ್ನು ಪೆಟ್ರೋಲು ತುಂಬಿಸುವ ಕಟ್ಟೆಯತ್ತ ತಿರುಗಿಸಲು ಬ್ರೇಕು ಒತ್ತಿದ. ಹಿಂದಿದ್ದ ಲ್ಯಾನ್ಸ್ ಮ್ಯಾಕ್ಲಿನ್ ಪಕ್ಕಕ್ಕೆ ಸರಿದ. ಅತಿವೇಗದಿಂದ ಬರುತ್ತಿದ್ದ ಪಿಯೆರ್ ಲೆವೆಯ ಮರ್ಸಿಡಿಸ್ ಕಾರು ಮ್ಯಾಕ್ಲಿನ್‌ನ ಕಾರನ್ನೇರಿ, ಮಣ್ಣಿನ ದಿಣ್ಣೆಗೆ ಬಡಿದು ಸಿಡಿಯಿತು. ಎಂಜಿನ್ ಮತ್ತಿತರ ಭಾಗಗಳು ಕಿಕ್ಕಿರಿದಿದ್ದ ಜನರ ಮೇಲೆ ಹಾರಿದುವು. ಲೆವೆ ಸತ್ತ, ಎಂಬತ್ತಕ್ಕೂ ಹೆಚ್ಚು ಪ್ರೇಕ್ಷಕರು ಸತ್ತರು. ಮೋಟಾರು ಪಂದ್ಯದ ಚರಿತ್ರೆಯಲ್ಲಿ ಇದಕ್ಕಿಂತ ಘೋರವಾದ ದಿನ ಮತ್ತೊಂದಿಲ್ಲ.

ಆದರೂ ಪಂದ್ಯ ನಿಲ್ಲಲಿಲ್ಲ! ಜನ ಒಮ್ಮೆಗೇ ಹೊರಟರೆ ಆಂಬುಲೆನ್ಸುಗಳ ದಾರಿ ಮುಚ್ಚಿಹೋದೀತೆಂಬುದು ನಿರ್ವಾಹಕರು ಕೊಟ್ಟ ಕಾರಣ. ಮರ್ಸಿಡಿಸ್ ಸಂಸ್ಥೆ ನಡುರಾತ್ರಿಯ ಬಳಿಕ ತನ್ನ ಉಳಿದ ಕಾರುಗಳನ್ನು ಹಿಂತೆಗೆದುಕೊಂಡಿತು. ಸ್ವಿಟ್ಜರ್ಲೆಂಡ್ ತನ್ನ ನೆಲದಲ್ಲಿ ಇಂಥ ಪಂದ್ಯಗಳನ್ನೇ ನಿಷೇಧಿಸಿತು. ಆ ನಿಷೇಧ ಹಲವು ದಶಕಗಳ ಕಾಲ ಉಳಿಯಿತು. ಲೆವೆಯ ಜೊತೆಗಾರನಾಗಿ, ಆತನ ಬಳಿಕ ಅದೇ ಕಾರನ್ನು ಓಡಿಸಬೇಕಾಗಿದ್ದ ಅಮೆರಿಕದ ಜಾನ್ ಫಿಚ್, ಮುಂದೆ ಮರಳು ತುಂಬಿದ ಪೀಪಾಯಿಗಳ ಸಾಲಿನ ತಡೆಯೊಂದನ್ನು ಕಂಡುಹಿಡಿದ. ಹಾದಿ ತಪ್ಪಿದ ಕಾರನ್ನು ಮೆಲ್ಲಗೆ ಹಿಡಿದು ನಿಲ್ಲಿಸುವ ಆ ಪೀಪಾಯಿಗಳು ಅಮೆರಿಕದ ಹೆದ್ದಾರಿಗಳಲ್ಲಿ ಸಾಮಾನ್ಯ ಪ್ರಯಾಣಿಕರ ಪ್ರಾಣವನ್ನು ಉಳಿಸಿವೆ.

ಲ ಮಾನ್ ದುರಂತದಿಂದ ಪ್ರೇಕ್ಷಕರ ರಕ್ಷಣೆಯ ಮಾತು ಎದ್ದಿತು. ಚಾಲಕನ ಸ್ಥಿತಿ ಮಾತ್ರ ಹಾಗೆಯೇ ಉಳಿಯಿತು. ಅವನು ತಿಳಿದೂ ತಿಳಿದೂ ಸಾವಿಗೆ ಸಹಿ ಹಾಕಿದವನಲ್ಲವೆ?

ಹೇಡಿಯೆಂಬ ಬಿರುದು

೧೯೬೭ರ ಮೇ ತಿಂಗಳಲ್ಲಿ ಮೊನಾಕೊದಲ್ಲಿ ಲೊರೆಂಜೊ ಬಂದೀನಿಯ ಫೆರಾರಿ ಮಗುಚಿ ಹೊತ್ತಿಕೊಂಡಿತು. ರಕ್ಷಣೆಗೆಂದು ಇರಿಸಿದ್ದ ಹುಲ್ಲಿನ ಪಿಂಡಿಗಳೇ ಬೆಂಕಿಗೆ ಸೌದೆಯಾದುವು. ಮೂರು ದಿನಗಳ ಬಳಿಕ ಆತ ತೀರಿಕೊಂಡ. ಮರುವರ್ಷ ಏಪ್ರಿಲ್ ೭ರಂದು ಜರ್ಮನಿಯ ಹಾಕನ್‌ಹೈಮ್ ಕಣದಲ್ಲಿ ಜಿಮ್ ಕ್ಲಾರ್ಕನ ಲೋಟಸ್ ಕಾರು ಹಾದಿ ಬಿಟ್ಟು ಮರಗಳಿಗೆ ಬಡಿಯಿತು. ಹಾದಿಗೂ ಮರಗಳಿಗೂ ನಡುವೆ ತಡೆಬೇಲಿ ಇರಲಿಲ್ಲ. ಎರಡು ಬಾರಿ ವಿಶ್ವ ಚಾಂಪಿಯನ್ನನಾಗಿ, ೨೫ ಪಂದ್ಯಗಳನ್ನು ಗೆದ್ದಿದ್ದ ಕ್ಲಾರ್ಕನಿಗೆ ೩೨ ವರ್ಷ. ಆತನಷ್ಟು ನಯವಾಗಿ, ಆತನಷ್ಟು ತಪ್ಪಿಲ್ಲದೆ ಕಾರು ಓಡಿಸುವವರು ಇಲ್ಲವೆಂದು ಎದುರಾಳಿಗಳೇ ಒಪ್ಪಿದ್ದರು. ನಿಪುಣನಾದವನು ಸಾಯುವುದಿಲ್ಲ, ತಪ್ಪುಮಾಡಿದವನು ಮಾತ್ರ ಸಾಯುತ್ತಾನೆಂಬ ನಂಬಿಕೆಯೊಂದು ಚಾಲಕರನ್ನು ಆವರೆಗೆ ಕಾಪಾಡಿತ್ತು. ಕ್ಲಾರ್ಕನ ಸಾವಿನೊಡನೆ ಅದೂ ಸತ್ತಿತು. ಆ ವರ್ಷ ಏಪ್ರಿಲಿನಿಂದ ಜುಲೈವರೆಗೆ ತಿಂಗಳಿಗೊಬ್ಬನಂತೆ ನಾಲ್ವರು ಹೆಸರಾಂತ ಚಾಲಕರು ಮಡಿದರು.

ಸ್ಟೀವರ್ಟನ ಬೇಡಿಕೆಗಳು ಸರಳವಾಗಿದ್ದುವು. ಮರಗಳ ಮುಂದೆ ಉಕ್ಕಿನ ತಡೆಬೇಲಿ ಬೇಕು. ಬೆಂಕಿ ಆರಿಸಲು ಬಲ್ಲವರು ಬೇಕು. ಶಸ್ತ್ರಚಿಕಿತ್ಸೆ ಬಲ್ಲ ವೈದ್ಯರು ಕಣದಲ್ಲೇ ಇರಬೇಕು. ಆಂಬುಲೆನ್ಸಿನವನಿಗೆ ಆಸ್ಪತ್ರೆಯ ದಾರಿ ಗೊತ್ತಿರಬೇಕು. ಇಷ್ಟನ್ನು ಕೇಳಿದ್ದಕ್ಕೆ ಆತನಿಗೆ ದೊರೆತದ್ದು ಹೇಡಿಯೆಂಬ ಬಿರುದು. ಕಣಗಳ ಒಡೆಯರಿಗೆ ಖರ್ಚಿನ ಚಿಂತೆ. ಪಂದ್ಯದ ಸೊಗಸನ್ನೇ ಈತ ಕೊಲ್ಲುತ್ತಿದ್ದಾನೆಂದು ಕೆಲವು ಪತ್ರಕರ್ತರು ಬರೆದರು. ಅಪಾಯವಿಲ್ಲದ ಪಂದ್ಯವನ್ನು ಯಾರು ನೋಡಿಯಾರು ಎಂದು ಕೇಳಿದವರೂ ಉಂಟು.

ಹೇಡಿಯೆಂದವರಿಗೆ ಆತ ಹಾದಿಯ ಮೇಲೆಯೇ ಉತ್ತರ ಕೊಟ್ಟ. ೧೯೬೮ರ ಆಗಸ್ಟಿನಲ್ಲಿ ಜರ್ಮನಿಯ ನ್ಯೂರ್‌ಬರ್ಗ್ ಬೆಟ್ಟಗಳ ಹಾದಿಯಲ್ಲಿ, ಮಳೆ ಮತ್ತು ಮಂಜಿನಿಂದ ಎದುರಿನ ಕಾರು ಕಾಣದ ದಿನ, ನೊಂದ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು, ಎರಡನೆಯವನಿಗಿಂತ ನಾಲ್ಕು ನಿಮಿಷಕ್ಕೂ ಹೆಚ್ಚು ಮುಂದಾಗಿ ಗೆದ್ದ. ಗೆದ್ದ ಮೇಲೂ ಆ ಹಾದಿ ಅಪಾಯಕರವೆಂಬ ತನ್ನ ಮಾತನ್ನು ಬದಲಿಸಲಿಲ್ಲ. ಚಾಲಕರು ಒಗ್ಗಟ್ಟಾದರು. ೧೯೬೯ರಲ್ಲಿ ಸ್ಪಾದ ಪಂದ್ಯ ನಡೆಯಲಿಲ್ಲ. ೧೯೭೦ರಲ್ಲಿ ಜರ್ಮನಿಯ ಪಂದ್ಯ ನ್ಯೂರ್‌ಬರ್ಗಿನಿಂದ ಹಾಕನ್‌ಹೈಮಿಗೆ ಹೋಯಿತು.

ಆದರೆ ತಡೆಬೇಲಿ ಇದ್ದರೆ ಸಾಲದು, ಅದು ಸರಿಯಾಗಿರಬೇಕು. ಬೆಲ್ಟು ಇದ್ದರೆ ಸಾಲದು, ಅದನ್ನು ಪೂರ್ತಿ ಬಿಗಿಯಬೇಕು. ೧೯೭೦ರ ಸೆಪ್ಟೆಂಬರ್ ೫ರಂದು ಇಟಲಿಯ ಮೊಂಜಾದಲ್ಲಿ ಅಭ್ಯಾಸದ ಓಟದ ನಡುವೆ ಯೋಹನ್ ರಿಂಟ್‌ನ ಕಾರು ತಡೆಬೇಲಿಗೆ ಬಡಿದು ಅದರಡಿಗೆ ನುಗ್ಗಿತು. ಬೆಂಕಿ ಹೊತ್ತಿದರೆ ಬೇಗ ಜಿಗಿಯಬೇಕೆಂದು ಆತ ಬೆಲ್ಟಿನ ಎಲ್ಲ ಪಟ್ಟಿಗಳನ್ನೂ ಹಾಕಿಕೊಳ್ಳುತ್ತಿರಲಿಲ್ಲ. ಬಡಿತದ ರಭಸಕ್ಕೆ ದೇಹ ಮುಂದಕ್ಕೆ ಜಾರಿ ಬೆಲ್ಟಿನ ಕೊಂಡಿಯೇ ಕೊರಳಿಗೆ ಮುಳುವಾಯಿತು. ಆ ವರ್ಷ ಅದುವರೆಗೆ ಆತ ಗಳಿಸಿದ್ದ ಅಂಕಗಳನ್ನು ಉಳಿದ ಯಾರೂ ದಾಟಲಾಗಲಿಲ್ಲ. ಸತ್ತ ಬಳಿಕ ವಿಶ್ವ ಚಾಂಪಿಯನ್ನನಾದವನು ಆತನೊಬ್ಬನೇ. ಪ್ರಶಸ್ತಿಯನ್ನು ಆತನ ಪತ್ನಿ ಸ್ವೀಕರಿಸಿದಳು. ೧೯೭೨ರಲ್ಲಿ ಫಾರ್ಮುಲಾ ಒನ್ ಪಂದ್ಯಗಳಲ್ಲಿ ಸೀಟ್ ಬೆಲ್ಟು ಕಡ್ಡಾಯವಾಯಿತು.

ಬೆಂಕಿಯ ಎದುರು ಒಬ್ಬನೇ

ನಿಯಮಗಳು ಕಾಗದದ ಮೇಲಿದ್ದರೂ ಕೈಗಳು ಸಿದ್ಧವಾಗಿಲ್ಲದಿದ್ದರೆ ಏನಾಗುತ್ತದೆಂಬುದನ್ನು ಜಗತ್ತು ೧೯೭೩ರ ಜುಲೈ ೨೯ರಂದು ಹಾಲೆಂಡಿನ ಜಾಂಡ್‌ಫೋರ್ಟಿನಲ್ಲಿ ಕಣ್ಣಾರೆ ಕಂಡಿತು. ಇಂಗ್ಲೆಂಡಿನ ರಾಜರ್ ವಿಲಿಯಂಸನ್ ಎಂಬ ೨೫ ವರ್ಷದ ತರುಣನಿಗೆ ಅದು ಎರಡನೆಯ ಗ್ರಾಂಡ್ ಪ್ರಿ ಪಂದ್ಯ. ಆತನ ಕಾರು ತಲೆಕೆಳಗಾಗಿ ಬೆಂಕಿ ಹೊತ್ತಿಕೊಂಡಿತು. ಕೆಳಗೆ ಸಿಕ್ಕಿದ್ದ ತರುಣ ಜೀವಂತವಾಗಿದ್ದ.

ಹಿಂದೆ ಬರುತ್ತಿದ್ದ ಡೇವಿಡ್ ಪರ್ಲಿ ತನ್ನ ಕಾರನ್ನು ನಿಲ್ಲಿಸಿ, ಓಡುವ ಕಾರುಗಳ ನಡುವೆ ಹಾದಿಯನ್ನು ದಾಟಿ ಬಂದ. ಉರಿಯುವ ಕಾರನ್ನು ಬರಿಗೈಗಳಿಂದ ಹೊರಳಿಸಲು ಹೆಣಗಿದ. ಬೆಂಕಿ ಆರಿಸುವ ಉಪಕರಣವೊಂದನ್ನು ಕಿತ್ತು ತಂದು ಸಿಂಪಡಿಸಿದ, ಅದು ಸಾಲಲಿಲ್ಲ. ಮತ್ತೆ ಕಾರಿಗೆ ಕೈಯಿಟ್ಟ. ಇನ್ನಿಬ್ಬರು ಹೆಗಲು ಕೊಟ್ಟಿದ್ದರೆ ಕಾರು ಹೊರಳುತ್ತಿತ್ತೇನೋ. ಅಲ್ಲಿದ್ದ ಸ್ವಯಂಸೇವಕರ ಮೈಮೇಲೆ ಬೆಂಕಿ ತಡೆಯುವ ಉಡುಪು ಇರಲಿಲ್ಲ. ಅವರು ಹತ್ತಿರ ಬರಲಾರದೆ ನಿಂತರು. ಸಹಾಯಕ್ಕೆ ಧಾವಿಸಲೆತ್ತಿಸಿದ ಪ್ರೇಕ್ಷಕರನ್ನು ಪೋಲೀಸರು ತಡೆದರು. ಹಾದುಹೋಗುತ್ತಿದ್ದ ಚಾಲಕರು, ಕಾರಿನ ಬಳಿ ನಿಂತವನೇ ಆ ಕಾರಿನವನು, ಹೊರಬಂದು ಬದುಕಿಕೊಂಡಿದ್ದಾನೆಂದು ಭಾವಿಸಿ ಸುತ್ತು ಹಾಕುತ್ತಲೇ ಇದ್ದರು. ಪಂದ್ಯವನ್ನು ನಿಲ್ಲಿಸಲಿಲ್ಲ. ಬೆಂಕಿ ಆರಿಸುವ ಗಾಡಿ ಬರುವ ವೇಳೆಗೆ ಕಾಲ ಮಿಂಚಿತ್ತು. ಟೆಲಿವಿಷನ್ನಿನ ಮುಂದೆ ಕುಳಿತವರು, ಕೈಚೆಲ್ಲಿ ಹೊಗೆಯ ನಡುವಿನಿಂದ ಹಿಂದಿರುಗುವ ಪರ್ಲಿಯನ್ನು ನೋಡಿದರು. ಆತನಿಗೆ ಬ್ರಿಟನ್ ಸರ್ಕಾರ ಶೌರ್ಯಕ್ಕಾಗಿ ಜಾರ್ಜ್ ಪದಕವನ್ನು ಕೊಟ್ಟಿತು.

ಆ ದಿನ ಗೆದ್ದವನು ಸ್ಟೀವರ್ಟ್. ಆ ಗೆಲುವಿನಿಂದ ಆತ ತನ್ನ ಗೆಳೆಯ ಕ್ಲಾರ್ಕನ ೨೫ ಗೆಲುವುಗಳ ದಾಖಲೆಯನ್ನು ದಾಟಿದ್ದ. ಸಂಭ್ರಮಿಸುವ ಮನಸ್ಸು ಯಾರಿಗೆ ಬಂದೀತು?

ಆ ವರ್ಷದ ಕೊನೆಗೆ ಪಂದ್ಯಗಳಿಂದ ನಿವೃತ್ತನಾಗಬೇಕೆಂದು ಸ್ಟೀವರ್ಟ್ ಮೊದಲೇ ನಿರ್ಧರಿಸಿದ್ದ. ತಂಡದ ಯಜಮಾನ ಕೆನ್ ಟಿರೆಲ್ ಮೊದಲಾದ ಒಬ್ಬಿಬ್ಬರಿಗಲ್ಲದೆ ಇನ್ನಾರಿಗೂ ಆ ಗುಟ್ಟು ತಿಳಿದಿರಲಿಲ್ಲ. ಹೆಂಡತಿ ಹೆಲೆನಳಿಗೂ ಹೇಳಿರಲಿಲ್ಲ; ಹೇಳಿದರೆ ಉಳಿದಿರುವ ಪಂದ್ಯಗಳನ್ನು ಆಕೆ ಒಂದೊಂದಾಗಿ ಎಣಿಸುತ್ತ ಕೂರಬೇಕಾಗುತ್ತಿತ್ತು. ಕೊನೆಯ ಪಂದ್ಯ ಅಮೆರಿಕದ ವಾಟ್ಕಿನ್ಸ್ ಗ್ಲೆನ್‌ನಲ್ಲಿ. ಅದು ಆತನ ನೂರನೆಯದಾಗಬೇಕಿತ್ತು. ಅಕ್ಟೋಬರ್ ೬ರಂದು, ಪಂದ್ಯದ ಹಿಂದಿನ ದಿನದ ಓಟದಲ್ಲಿ, ಆತನ ತಂಡದ ಜೊತೆಗಾರ, ತಮ್ಮನಂತಿದ್ದ ಫ್ರಾನ್ಸಿನ ಫ್ರಾಂಸ್ವಾ ಸೆವೆರ್ ಉಕ್ಕಿನ ತಡೆಬೇಲಿಗೆ ಬಡಿದು ಅಲ್ಲೇ ಸತ್ತ. ತಂಡ ಪಂದ್ಯದಿಂದ ಹಿಂದೆ ಸರಿಯಿತು. ಮೂರು ಬಾರಿಯ ವಿಶ್ವ ಚಾಂಪಿಯನ್ನನ ಪಂದ್ಯಜೀವನ ೯೯ಕ್ಕೇ ನಿಂತಿತು.

ಕಣಕ್ಕಿಳಿದ ವೈದ್ಯ

೧೯೭೬ರ ಆಗಸ್ಟ್ ೧ರಂದು ನ್ಯೂರ್‌ಬರ್ಗಿನಲ್ಲಿ ನಿಕಿ ಲೌಡಾನ ಫೆರಾರಿ ಹೊತ್ತಿ ಉರಿದಾಗ ಆತನನ್ನು ಹೊರಗೆಳೆದವರೂ ಜೊತೆಯ ಚಾಲಕರೇ. ಸುಟ್ಟ ಮುಖದ ಗಾಯಗಳು ಪೂರ್ತಿ ಮಾಯುವ ಮೊದಲೇ, ಆರು ವಾರಗಳೊಳಗೆ, ಆತ ಮೊಂಜಾದಲ್ಲಿ ಮತ್ತೆ ಓಡಿ ನಾಲ್ಕನೆಯವನಾದ ಕಥೆ ಜಗತ್ಪ್ರಸಿದ್ಧ. ಬೆಟ್ಟಗಳ ನಡುವಿನ ೨೨ ಕಿಲೋಮೀಟರಿಗೂ ಮೀರಿದ ಆ ಹಾದಿಗೆ ಫಾರ್ಮುಲಾ ಒನ್ ಮತ್ತೆ ಹೋಗಲಿಲ್ಲ. ಅಷ್ಟು ಉದ್ದದ ಹಾದಿಯನ್ನು ಕಾಯುವಷ್ಟು ಜನ ಯಾರ ಬಳಿ ಇದ್ದಾರೆ?

ಎರಡು ವರ್ಷಗಳ ಬಳಿಕ ಲಂಡನ್ನಿನ ಮೆದುಳಿನ ಶಸ್ತ್ರವೈದ್ಯರಾದ ಪ್ರೊಫೆಸರ್ ಸಿಡ್ ವಾಟ್ಕಿನ್ಸ್ ಫಾರ್ಮುಲಾ ಒನ್ ಪಂದ್ಯಗಳ ವೈದ್ಯಕೀಯ ಹೊಣೆಯನ್ನು ವಹಿಸಿಕೊಂಡರು. ಅದೇ ೧೯೭೮ರ ಸೆಪ್ಟೆಂಬರ್ ೧೦ರಂದು ಮೊಂಜಾದಲ್ಲಿ ಪಂದ್ಯ ಆರಂಭವಾದ ಕ್ಷಣಗಳಲ್ಲೇ ಕಾರುಗಳು ಡಿಕ್ಕಿಯಾಗಿ ಸ್ವೀಡನ್ನಿನ ರೋನಿ ಪೀಟರ್‌ಸನ್ ಗಾಯಗೊಂಡ. ಸಹಾಯಕ್ಕೆ ಧಾವಿಸಿದ ವಾಟ್ಕಿನ್ಸರನ್ನು ಪೋಲೀಸರ ಸಾಲು ತಡೆಯಿತು. ಆಂಬುಲೆನ್ಸು ತಡವಾಗಿ ಬಂತು. ಮುರಿದದ್ದು ಕಾಲುಗಳ ಮೂಳೆ. ಅದರಿಂದ ಯಾರೂ ಸಾಯಬೇಕಾಗಿಲ್ಲವೆಂದು ಎಲ್ಲರೂ ಎಣಿಸಿದ್ದರು. ಮೂಳೆಯ ಕೊಬ್ಬು ರಕ್ತದಲ್ಲಿ ಸೇರಿ ಮರುದಿನ ಆತ ಕಣ್ಮುಚ್ಚಿದ.

ವಾಟ್ಕಿನ್ಸರು ಷರತ್ತುಗಳನ್ನು ಮುಂದಿಟ್ಟರು. ಅರಿವಳಿಕೆ ವೈದ್ಯರು ಸದಾ ಸಿದ್ಧವಾಗಿರಬೇಕು; ಹೆಲಿಕಾಪ್ಟರು ಇರಬೇಕು; ಪಂದ್ಯದ ಮೊದಲ ಸುತ್ತಿನಲ್ಲಿ ಕಾರುಗಳ ಹಿಂದೆಯೇ ವೈದ್ಯರ ಕಾರು ಓಡಬೇಕು, ಏಕೆಂದರೆ ಕಾರುಗಳೆಲ್ಲ ಒತ್ತಾಗಿರುವ ಮೊದಲ ಸುತ್ತಿನಲ್ಲಿಯೇ ಡಿಕ್ಕಿಯ ಭಯ ಹೆಚ್ಚು. ಮುಂದಿನ ಪಂದ್ಯದಿಂದಲೇ ವೈದ್ಯರ ಕಾರು ಹಿಂಬಾಲಿಸತೊಡಗಿತು.

ಕಾರೂ ಬದಲಾಯಿತು. ೧೯೮೧ರಲ್ಲಿ ಜಾನ್ ಬಾರ್ನಾರ್ಡ್ ಎಂಬ ವಿನ್ಯಾಸಕಾರ ಮೆಕ್ಲಾರೆನ್ ತಂಡಕ್ಕಾಗಿ ಕಾರಿನ ಒಡಲನ್ನು ಕಾರ್ಬನ್ ನಾರಿನಿಂದ ರೂಪಿಸಿದ. ಲೋಹಕ್ಕಿಂತ ಹಗುರವಾದ ಆ ವಸ್ತು ಬಡಿತಕ್ಕೆ ಗಾಜಿನಂತೆ ಚೂರಾದೀತೆಂದು ಅನೇಕರು ಹೆದರಿದ್ದರು. ಆ ವರ್ಷವೇ ಮೊಂಜಾದಲ್ಲಿ ಜಾನ್ ವಾಟ್ಸನ್ನನ ಕಾರು ಡಿಕ್ಕಿ ಹೊಡೆದು ಎರಡು ತುಂಡಾಯಿತು. ಎಂಜಿನ್ ಎತ್ತಲೋ ಹೋಯಿತು. ವಾಟ್ಸನ್ ಮಾತ್ರ ತನ್ನ ಗೂಡಿನಿಂದ ಎದ್ದು ನಡೆದುಬಂದ. ಆ ಬಳಿಕ ಉಳಿದ ತಂಡಗಳೂ ಒಂದೊಂದಾಗಿ ಅದೇ ದಾರಿ ಹಿಡಿದುವು.

ಇಮೋಲಾದ ಮೂರು ದಿನಗಳು

೧೯೮೨ರ ಬಳಿಕ ಹನ್ನೆರಡು ವರ್ಷ ಫಾರ್ಮುಲಾ ಒನ್ ಪಂದ್ಯದ ದಿನಗಳಲ್ಲಿ ಯಾವ ಚಾಲಕನೂ ಸಾಯಲಿಲ್ಲ. ಮೃತ್ಯುವನ್ನು ಗೆದ್ದೆವೆಂಬ ಭಾವನೆ ಮೆಲ್ಲಗೆ ಬೇರೂರಿತು. ಅದನ್ನು ಕಿತ್ತೆಸೆದದ್ದು ೧೯೯೪ರಲ್ಲಿ ಇಟಲಿಯ ಇಮೋಲಾದ ಮೂರು ದಿನಗಳು.

ಏಪ್ರಿಲ್ ೨೯, ಶುಕ್ರವಾರ: ಬ್ರೆಜಿಲಿನ ತರುಣ ರೂಬೆನ್ಸ್ ಬಾರಿಕೆಲೊನ ಕಾರು ಹಾರಿ ತಡೆಗೆ ಬಡಿಯಿತು, ಆತ ಬದುಕಿದ. ಶನಿವಾರ: ಆಸ್ಟ್ರಿಯದ ರೋಲಂಡ್ ರಾಟ್ಜನ್‌ಬರ್ಗರನ ಕಾರಿನ ಮುಂಭಾಗದ ರೆಕ್ಕೆ ಕಳಚಿ, ಗಂಟೆಗೆ ೩೦೦ ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಗೋಡೆಗೆ ಅಪ್ಪಳಿಸಿ ಆತ ಸತ್ತ. ಅಂದು ವಾಟ್ಕಿನ್ಸರ ಮುಂದೆ ಕಣ್ಣೀರಿಟ್ಟವನು ಮೂರು ಬಾರಿಯ ವಿಶ್ವ ಚಾಂಪಿಯನ್ ಆಯರ್ಟನ್ ಸೆನ್ನಾ. ವೈದ್ಯರು ಆತನಿಗೆ ಪಂದ್ಯವನ್ನು ಬಿಟ್ಟುಬಿಡು, ಇಬ್ಬರೂ ಮೀನು ಹಿಡಿಯಲು ಹೋಗೋಣವೆಂದರು. ತನ್ನಿಂದ ಬಿಡಲಾಗದೆಂದು ಸೆನ್ನಾ ಉತ್ತರಿಸಿದ. ಭಾನುವಾರ, ಮೇ ೧ರಂದು, ಸೆನ್ನಾನ ಕಾರು ತಿರುವಿನಲ್ಲಿ ನೇರವಾಗಿ ಗೋಡೆಗೆ ನುಗ್ಗಿತು. ಮುರಿದ ಮುಂಗಾಲಿಯ ಸರಳಿನ ತುಂಡೊಂದು ಹೆಲ್ಮೆಟ್ಟನ್ನು ಭೇದಿಸಿತ್ತು. ಪಕ್ಕದಲ್ಲಿ ಮಂಡಿಯೂರಿ ಕುಳಿತ ವಾಟ್ಕಿನ್ಸರಿಗೆ, ತನ್ನ ಗೆಳೆಯ ಉಳಿಯುವುದಿಲ್ಲವೆಂದು ವೈದ್ಯರಾಗಿ ಒಡನೆಯೇ ತಿಳಿಯಿತು. ಕಾರಿನೊಳಗೆ ಆಸ್ಟ್ರಿಯದ ಒಂದು ಧ್ವಜ ದೊರೆಯಿತು. ಗೆದ್ದರೆ ರಾಟ್ಜನ್‌ಬರ್ಗರನ ನೆನಪಿಗಾಗಿ ಅದನ್ನು ಎತ್ತಿಹಿಡಿಯಬೇಕೆಂದು ಸೆನ್ನಾ ಇರಿಸಿಕೊಂಡಿದ್ದ.

ಸೆನ್ನಾನ ಸಾವಿಗೆ ಬ್ರೆಜಿಲ್ ಮೂರು ದಿನ ಶೋಕ ಆಚರಿಸಿತು. ವಾಟ್ಕಿನ್ಸರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿಯೊಂದು ರಚಿತವಾಯಿತು. ಇದುವರೆಗೆ ದುರಂತ ನಡೆದ ಮೇಲೆ ಒಂದೊಂದೇ ತೇಪೆ ಹಚ್ಚುತ್ತಿದ್ದರು; ಇನ್ನು ಪ್ರಯೋಗಶಾಲೆಯಲ್ಲಿ ಕಾರನ್ನು ಬೇಕೆಂದೇ ಡಿಕ್ಕಿ ಹೊಡೆಸಿ, ದೇಹದ ಮೇಲೆ ಬೀಳುವ ಬಲವನ್ನು ಅಳೆದು, ಅಳತೆಯಿಂದ ನಿಯಮವನ್ನು ರೂಪಿಸತೊಡಗಿದರು. ಚಾಲಕನ ತಲೆಯ ಎರಡು ಬದಿಗಳಲ್ಲಿ ಗೂಡಿನ ಅಂಚು ಎತ್ತರವಾಯಿತು, ಮೆತ್ತೆಗಳು ಬಂದುವು. ಕಳಚಿದ ಗಾಲಿ ಹಾರಿಹೋಗದಂತೆ ಅದನ್ನು ಒಡಲಿಗೆ ಬಿಗಿಯುವ ಗಟ್ಟಿ ಹಗ್ಗಗಳು ಬಂದುವು.

ಕೊರಳಿನ ಕಾವಲು, ತಲೆಯ ಕಾವಲು

ಬೆಲ್ಟಿನಿಂದ ಒಂದು ಹೊಸ ಸಮಸ್ಯೆ ಹುಟ್ಟಿತ್ತು. ಕಾರು ಗೋಡೆಗೆ ಬಡಿದಾಗ ದೇಹವನ್ನು ಬೆಲ್ಟು ಹಿಡಿಯುತ್ತದೆ. ಹೆಲ್ಮೆಟ್ಟಿನ ಭಾರ ಹೊತ್ತ ತಲೆಯನ್ನು ಹಿಡಿಯುವವರಿಲ್ಲ. ತಲೆ ಮುಂದಕ್ಕೆ ಚಿಮ್ಮಿ, ತಲೆಬುರುಡೆಯ ಬುಡ ಮುರಿಯುತ್ತದೆ. ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರೊಫೆಸರ್ ರಾಬರ್ಟ್ ಹಬ್ಬರ್ಡ್, ಪಂದ್ಯಪಟುವಾಗಿದ್ದ ತನ್ನ ಭಾವಮೈದುನ ಜಿಮ್ ಡೌನಿಂಗ್ ಜೊತೆ ಸೇರಿ ಇದಕ್ಕೆ ಪರಿಹಾರ ಹುಡುಕಿದ. ೧೯೮೧ರಲ್ಲಿ ಅವರ ಗೆಳೆಯನೊಬ್ಬ ಇದೇ ಬಗೆಯಲ್ಲಿ ಸತ್ತದ್ದು ಅವರನ್ನು ಪ್ರೇರಿಸಿತ್ತು. ಎತ್ತಿನ ಹೆಗಲಿನ ನೊಗದಂತೆ ಚಾಲಕನ ಹೆಗಲ ಮೇಲೆ ಕೂರುವ ಒಂದು ಪಟ್ಟಿ, ಅದರಿಂದ ಹೆಲ್ಮೆಟ್ಟಿಗೆ ಎರಡು ಬಿಗಿತಗಳು. ಇಷ್ಟೇ ‘ಹ್ಯಾನ್ಸ್’ ಎಂಬ ಆ ಸಾಧನ. ಅದು ಸಿದ್ಧವಾಗಿಯೂ ಹಲವು ವರ್ಷ ಕೊಳ್ಳುವವರಿರಲಿಲ್ಲ. ತೊಡಲು ತೊಡಕು, ಕತ್ತು ಹೊರಳದು ಎಂಬ ದೂರುಗಳು.

೨೦೦೧ರ ಫೆಬ್ರುವರಿ ೧೮ರಂದು ಅಮೆರಿಕದ ಡೇಟೋನಾ ಪಂದ್ಯದ ಕೊನೆಯ ಸುತ್ತಿನಲ್ಲಿ, ಆ ದೇಶದ ಮನೆಮಾತಾಗಿದ್ದ ಡೇಲ್ ಅರ್ನ್‌ಹಾರ್ಟ್ ಗೋಡೆಗೆ ಬಡಿದು ಸತ್ತ. ಆತ ಹ್ಯಾನ್ಸ್ ತೊಟ್ಟಿರಲಿಲ್ಲ. ಸಾವಿಗೆ ಕಾರಣ ತಲೆಬುರುಡೆಯ ಬುಡದ ಮುರಿತ. ಆ ಅಕ್ಟೋಬರಿನಲ್ಲಿ ಅಲ್ಲಿನ ನ್ಯಾಸ್ಕಾರ್ ಪಂದ್ಯಗಳಲ್ಲಿ ಕೊರಳಿನ ರಕ್ಷಣೆ ಕಡ್ಡಾಯವಾಯಿತು. ಫಾರ್ಮುಲಾ ಒನ್‌ನಲ್ಲಿ ೨೦೦೩ರಿಂದ ಕಡ್ಡಾಯ.

ಉಳಿದದ್ದು ಬಯಲಿಗೆ ತೆರೆದಿದ್ದ ತಲೆ. ೨೦೧೪ರ ಅಕ್ಟೋಬರ್ ೫ರಂದು ಜಪಾನಿನ ಸುಜುಕಾದಲ್ಲಿ, ಮಳೆಯ ನಡುವೆ, ಹಾದಿ ತಪ್ಪಿದ ಇನ್ನೊಂದು ಕಾರನ್ನು ಎತ್ತಲು ಬಂದಿದ್ದ ಭಾರಿ ಯಂತ್ರಕ್ಕೆ ಜೂಲ್ ಬಿಯಾಂಕಿಯ ಕಾರು ಬಡಿಯಿತು. ಒಂಬತ್ತು ತಿಂಗಳು ಪ್ರಜ್ಞೆಯಿಲ್ಲದೆ ಮಲಗಿದ್ದ ಆತ ೨೦೧೫ರ ಜುಲೈ ೧೭ರಂದು ತೀರಿಕೊಂಡ. ಇಂಥ ಹಲವು ಅಪಘಾತಗಳ ಅಧ್ಯಯನದ ಬಳಿಕ ೨೦೧೮ರಲ್ಲಿ ‘ಹೇಲೊ’ ಕಡ್ಡಾಯವಾಯಿತು. ಚಾಲಕನ ತಲೆಯ ಸುತ್ತ ಪ್ರಭಾವಳಿಯಂತೆ ಬಾಗಿದ ಟೈಟೇನಿಯಂ ಲೋಹದ ಕಮಾನು ಅದು; ತೂಕ ಸುಮಾರು ೭ ಕಿಲೋ, ತಡೆಯಬಲ್ಲದ್ದು ಸುಮಾರು ೧೨ ಟನ್ನಿನ ಭಾರ. ಇದನ್ನೂ ಜರೆದವರು ಉಂಟು: ಕಾರಿನ ಅಂದ ಕೆಟ್ಟಿತು, ಪಂದ್ಯದ ಕೆಚ್ಚು ಹೋಯಿತು! ಜರೆದವರಲ್ಲಿ ರೊಮೇನ್ ಗ್ರೋಜಾನ್ ಎಂಬ ಚಾಲಕನೂ ಒಬ್ಬ.

೨೦೨೦ರ ನವೆಂಬರ್ ೨೯ರಂದು ಬಹರೇನಿನ ಪಂದ್ಯದ ಮೊದಲ ಸುತ್ತಿನಲ್ಲಿ ಅದ�ೇ ಗ್ರೋಜಾನನ ಕಾರು ಗಂಟೆಗೆ ೧೯೨ ಕಿಲೋಮೀಟರು ವೇಗದಲ್ಲಿ ಉಕ್ಕಿನ ತಡೆಬೇಲಿಯನ್ನು ಸೀಳಿ ನುಗ್ಗಿತು. ಕಾರು ಎರಡು ತುಂಡಾಯಿತು. ಬೆಂಕಿಯ ಉಂಡೆಯೊಂದು ಮೇಲೆದ್ದಿತು. ನೋಡಿದವರೆಲ್ಲರೂ ಆತನ ಆಸೆಯನ್ನು ಬಿಟ್ಟರು. ಸೀಳಿದ ಉಕ್ಕನ್ನು ತಲೆಗೆ ತಾಗಗೊಡದೆ ತಡೆದದ್ದು ಆತ ಜರೆದಿದ್ದ ಹೇಲೊ. ಕೊರಳನ್ನು ಕಾದದ್ದು ಹ್ಯಾನ್ಸ್. ಒಡೆಯದೆ ಉಳಿದದ್ದು ಕಾರ್ಬನ್ ನಾರಿನ ಗೂಡು. ಮೂರು ಬಾರಿ ಹೆಣಗಿ, ಮಕ್ಕಳನ್ನು ನೆನೆದು ಮತ್ತೆ ಬಲಗೂಡಿಸಿಕೊಂಡು, ಸುಮಾರು ೨೮ ಸೆಕೆಂಡುಗಳ ಬಳಿಕ ಆತ ಬೆಂಕಿಯಿಂದ ಎದ್ದುಬಂದ. ಅಷ್ಟರಲ್ಲಿ ವೈದ್ಯರ ಕಾರು ಅಲ್ಲಿ ನಿಂತಿತ್ತು; ಡಾಕ್ಟರ್ ಇಯಾನ್ ರಾಬರ್ಟ್ಸ್ ಬೆಂಕಿಯ ಅಂಚಿಗೇ ಬಂದು ಕೈಕೊಟ್ಟಿದ್ದರು. ಅದು ಮೊದಲ ಸುತ್ತು. ಪೀಟರ್‌ಸನ್ನನ ಸಾವಿನ ಬಳಿಕ ವಾಟ್ಕಿನ್ಸರು ಹಾಕಿದ ಷರತ್ತಿನಂತೆ ವೈದ್ಯರ ಕಾರು ಹಿಂದೆಯೇ ಓಡಿ ಬಂದಿತ್ತು. ಸುಟ್ಟ ಕೈಗಳೊಡನೆ ಆಸ್ಪತ್ರೆಯಲ್ಲಿ ಮಲಗಿದ ಗ್ರೋಜಾನ್, ಹೇಲೊ ಇಲ್ಲದಿದ್ದರೆ ತಾನಿರುತ್ತಿರಲಿಲ್ಲವೆಂದು ಒಪ್ಪಿಕೊಂಡ.

ಮುಗಿಯದ ಲೆಕ್ಕ

ಹಾಗೆಂದು ಸಾವಿನ ಲೆಕ್ಕ ಮುಗಿದಿಲ್ಲ. ೨೦೧೯ರ ಆಗಸ್ಟ್ ೩೧ರಂದು ಅದೇ ಸ್ಪಾದಲ್ಲಿ ಫಾರ್ಮುಲಾ ಟೂ ಪಂದ್ಯದ ವೇಳೆ ೨೨ ವರ್ಷದ ಆಂತ್ವಾನ್ ಹ್ಯುಬೇರ್ ಮಡಿದ. ಹಾರಿದ ಗಾಲಿಗಳು ೨೦೦೦ದಲ್ಲಿ ಮೊಂಜಾದಲ್ಲಿಯೂ ೨೦೦೧ರಲ್ಲಿ ಮೆಲ್ಬರ್ನಿನಲ್ಲಿಯೂ ಒಬ್ಬೊಬ್ಬ ಸ್ವಯಂಸೇವಕನನ್ನು ಬಲಿ ತೆಗೆದುಕೊಂಡುವು. ಸಂಬಳವಿಲ್ಲದೆ, ಕೀರ್ತಿಯಿಲ್ಲದೆ ಹಾದಿಯ ಬದಿಯಲ್ಲಿ ನಿಂತು ಇತರರನ್ನು ಕಾಯುವವರು ಅವರು. ದೂರದ ದೇಶಗಳ ಮಾತೇಕೆ? ೨೦೨೩ರ ಆಗಸ್ಟಿನಲ್ಲಿ ಮದರಾಸಿನ ಬಳಿಯ ಪಂದ್ಯದ ಕಣದಲ್ಲಿ, ಮೋಟಾರು ಸೈಕಲ್ ಓಟದಲ್ಲಿ ಬಿದ್ದು, ಬೆಂಗಳೂರಿನ ೧೩ ವರ್ಷದ ಬಾಲಕನೊಬ್ಬ ಅಸುನೀಗಿದ. ಆ ವಾರದ ಉಳಿದ ಓಟಗಳನ್ನು ನಿಲ್ಲಿಸಿದರು.

ವೇಗದ ಮೋಹ ಮನುಷ್ಯನನ್ನು ಬಿಡುವುದಿಲ್ಲ. ಬಿಡಬೇಕೆಂದು ಸ್ಟೀವರ್ಟನೂ ವಾಟ್ಕಿನ್ಸರೂ ಹೇಳಲಿಲ್ಲ. ಅವರು ಕೇಳಿದ್ದು ಇಷ್ಟೇ: ಒಬ್ಬ ತರುಣ ಸತ್ತಾಗ ಅದನ್ನು ಹಣೆಬರಹವೆಂದು ಕೈತೊಳೆದುಕೊಳ್ಳಬೇಡಿ; ಯಾವ ಬೇಲಿ ಇರಲಿಲ್ಲ, ಯಾವ ಪಟ್ಟಿ ಬಿಗಿದಿರಲಿಲ್ಲ, ಯಾವ ಗಾಡಿ ತಡವಾಯಿತು ಎಂದು ಹುಡುಕಿ. ಹುಡುಕಿದಾಗಲೆಲ್ಲ ಕಾರಣ ದೊರೆತಿದೆ. ದೊರೆತ ಕಾರಣವನ್ನು ತಿದ್ದಿದಾಗಲೆಲ್ಲ, ಮುಂದೆ ಎಂದೋ, ಮತ್ತೊಬ್ಬ ತರುಣ ಮನೆಗೆ ಹಿಂದಿರುಗಿದ್ದಾನೆ.